ಸಕ್ಕರೆ ಕಾಯಿಲೆಯ ಔಷಧಿ ಯಾರ ಸೊತ್ತು?

(ಕುದೇರಿನ ಸಭೆಯಲ್ಲಿ ಮಾಡಿದ ಭಾಷಣ)



ಸಕ್ಕರೆ ಕಾಯಿಲೆ ಸಿರಿವಂತರ ರೋಗವೆಂಬ ಮಾತು ಹಳೆಯದಾಯಿತು. ಇಂದು ಅದು ಮಿಲ್ಲಿನ ಪಾಳಿಯಲ್ಲೂ ಇದೆ, ಸಂತೆಯ ಅಂಗಡಿಯಲ್ಲೂ ಇದೆ. ಜ್ವರದ ಔಷಧಿ ಮೂರು ದಿನಕ್ಕೆ ಮುಗಿಯುತ್ತದೆ. ಇದರ ಔಷಧಿ ಬಾಳಿನುದ್ದಕ್ಕೂ ಬೇಕು. ದುಡ್ಡು ಸಾಲದೆಂದು ದಿನ ಬಿಟ್ಟು ದಿನ ಮಾತ್ರೆ ನುಂಗಿದರೆ, ಉಳಿಸಿದ ಹಣಕ್ಕೆ ಮುಂದೆ ಕಣ್ಣು, ಕಾಲು, ಮೂತ್ರಪಿಂಡಗಳನ್ನೇ ಬಡ್ಡಿಯಾಗಿ ತೆರಬೇಕಾಗುತ್ತದೆ. ಮೈಯಲ್ಲಿ ಇನ್ಸುಲಿನ್ನೇ ಹುಟ್ಟದ ಮಕ್ಕಳಿಗಂತೂ ಚುಚ್ಚುಮದ್ದು ಕೆಲವು ದಿನ ತಪ್ಪಿದರೂ ಪ್ರಾಣಕ್ಕೇ ಸಂಚಕಾರ.

ಈ ಇನ್ಸುಲಿನ್ 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ದೊರೆಯಿತು. ಕಂಡುಹಿಡಿದವರು 1923ರಲ್ಲಿ ಅದರ ಪೇಟೆಂಟ್ ಹಕ್ಕನ್ನು ತಲಾ ಒಂದೇ ಡಾಲರಿಗೆ ವಿಶ್ವವಿದ್ಯಾನಿಲಯಕ್ಕೆ ಬರೆದುಕೊಟ್ಟರು. ಅವರು ಬಿಟ್ಟುಕೊಟ್ಟ ಲಾಭವನ್ನು ಇಂದು ಎತ್ತುತ್ತಿರುವವರು ಯಾರು?

ನಮ್ಮ ದೇಶದ 1970ರ ಪೇಟೆಂಟ್ ಕಾಯಿದೆ ಔಷಧಿ ತಯಾರಿಸುವ ವಿಧಾನಕ್ಕೆ ಮಾತ್ರ ಹಕ್ಕು ಕೊಟ್ಟಿತ್ತು. ಅದೇ ಔಷಧಿಯನ್ನು ಬೇರೆ ವಿಧಾನದಲ್ಲಿ ಯಾರಾದರೂ ತಯಾರಿಸಬಹುದಿತ್ತು. 2005ರಲ್ಲಿ ಕಾಯಿದೆ ಬದಲಾಗಿ ಔಷಧಿಗೇ 20 ವರ್ಷದ ಹಕ್ಕು ಬಂತು. ಸಿಟಾಗ್ಲಿಪ್ಟಿನ್ ಮಾತ್ರೆಯ ಹಕ್ಕು 2022ರಲ್ಲಿ, ಎಂಪಾಗ್ಲಿಫ್ಲೋಜಿನ್ ಮಾತ್ರೆಯದು 2025ರಲ್ಲಿ ಮುಗಿದೊಡನೆ ಹಲವು ಕಂಪೆನಿಗಳು ಅವನ್ನು ಅಗ್ಗವಾಗಿ ಮಾರತೊಡಗಿದವು. ಮಾತ್ರೆಯೂ ಅದೇ, ರೋಗಿಯೂ ಅವನೇ. ಹೋದದ್ದು ಏಕಸ್ವಾಮ್ಯ ಮಾತ್ರ.

ಸರ್ಕಾರದ ಬೆಲೆ ನಿಯಂತ್ರಣ ಇಲ್ಲವೇ ಎಂದು ಕೇಳುತ್ತೀರಿ. ಇದೆ. 1995ರ ಆಜ್ಞೆಯಲ್ಲಿ ತಯಾರಿಕೆಯ ವೆಚ್ಚ ನೋಡಿ ಬೆಲೆ ಕಟ್ಟುತ್ತಿದ್ದರು. 2013ರ ಆಜ್ಞೆ ವೆಚ್ಚವನ್ನು ಕೇಳುವುದೇ ಇಲ್ಲ. ಮಾರುಕಟ್ಟೆಯಲ್ಲಿ ಕಂಪೆನಿಗಳು ಹಾಕಿದ ಬೆಲೆಗಳ ಸರಾಸರಿ ತೆಗೆದು, ಚಿಲ್ಲರೆ ಅಂಗಡಿಯವನ ಪಾಲು ಶೇಕಡ 16 ಸೇರಿಸಿ, ಅದನ್ನೇ ಗರಿಷ್ಠ ಬೆಲೆ ಎನ್ನುತ್ತದೆ. ಅಕ್ಕಿಯ ಸಾಹುಕಾರರು ಕೂಗಿದ ದರಗಳನ್ನು ಕೂಡಿಸಿ ಭಾಗಿಸಿ ನ್ಯಾಯಬೆಲೆ ಎಂದಂತಾಯಿತು! ಅದೂ ಅವಶ್ಯ ಔಷಧಿಗಳ ಪಟ್ಟಿಯಲ್ಲಿರುವವಕ್ಕೆ ಮಾತ್ರ. ರಕ್ತ ಪರೀಕ್ಷೆಯ ಸ್ಟ್ರಿಪ್ಪು ಆ ಪಟ್ಟಿಯಲ್ಲಿಲ್ಲ. ಯಂತ್ರವನ್ನು ಒಮ್ಮೆ ಕೊಂಡರೆ ಸಾಕು, ಸ್ಟ್ರಿಪ್ಪು ಪ್ರತಿ ಸಲವೂ ಹೊಸದು. ಒಂದು ಕಂಪೆನಿಯದು ಇನ್ನೊಂದರ ಯಂತ್ರಕ್ಕೆ ಹೊಂದುವುದಿಲ್ಲ.

ನಮ್ಮ ಜಗಳ ಔಷಧಿ ಅಂಗಡಿಯವನೊಡನೆ ಅಲ್ಲ. ನಾವು ಕೇಳುವುದು ಮೂರು. ಒಂದು, ತಯಾರಿಕೆಯ ವೆಚ್ಚದ ಮೇಲೆ ಬೆಲೆ ಕಟ್ಟಬೇಕು. ಎರಡು, ಸ್ಟ್ರಿಪ್ಪು, ಸಿರಿಂಜು, ಸೂಜಿಗಳಿಗೂ ಮಿತಿ ಬೇಕು. ಮೂರು, ರಾಜ್ಯ ಸರ್ಕಾರ 2024ರಲ್ಲಿ ಗೃಹ ಆರೋಗ್ಯ ಯೋಜನೆ ಹೂಡಿ, 30 ವರ್ಷ ದಾಟಿದವರ ರಕ್ತ ಪರೀಕ್ಷೆಗೆ ಮನೆಬಾಗಿಲಿಗೇ ಬರುವೆನೆಂದಿದೆ. ಪರೀಕ್ಷಿಸಿ ರೋಗದ ಹೆಸರು ಹೇಳಿದರೆ ಸಾಲದು. ಸರ್ಕಾರಿ ಆಸ್ಪತ್ರೆಯಲ್ಲಿ ಇಡೀ ತಿಂಗಳ ಔಷಧಿ ತಪ್ಪದೆ ಕೈಗೆ ಸಿಗಬೇಕು.

ಅಲ್ಲಿಯವರೆಗೆ ಯಾರೂ ಔಷಧಿ ನಿಲ್ಲಿಸಬೇಡಿ. ಕಂಪೆನಿಯ ಹೆಸರಿನ ಬದಲು ಔಷಧಿಯ ಮೂಲ ಹೆಸರನ್ನೇ ಬರೆದುಕೊಡಿರೆಂದು ಡಾಕ್ಟರನ್ನು ಕೇಳಿ. ಜನೌಷಧಿ ಅಂಗಡಿಯಲ್ಲಿ ಅದರ ಬೆಲೆ ವಿಚಾರಿಸಿ. ಇನ್ಸುಲಿನ್ನನ್ನು ಮಾತ್ರ ಡಾಕ್ಟರನ್ನು ಕೇಳದೆ ಬದಲಾಯಿಸಬೇಡಿ. ಇಎಸ್‌ಐ ಇರುವ ಮಿಲ್ಲಿನವರು ಅಲ್ಲಿ ಔಷಧಿ ಪಡೆಯಲು ಸಂಕೋಚಪಡಬೇಡಿ. ಅದು ದಾನವಲ್ಲ, ನಿಮ್ಮ ಸಂಬಳದಿಂದ ಕಡಿದ ಹಣದ ಹಕ್ಕು. ಆಸ್ಪತ್ರೆಯಲ್ಲಿ ಔಷಧಿ ಇಲ್ಲವೆಂದರೆ ತಾರೀಖು ಸಮೇತ ಬರೆದಿಡಿ. ಒಬ್ಬನ ಗೊಣಗಾಟ ಗಾಳಿಗೆ ಹೋಗುತ್ತದೆ. ನೂರು ಜನ ಸಹಿ ಮಾಡಿದ ಅರ್ಜಿಗೆ ಉತ್ತರ ಕೊಡಲೇಬೇಕಾಗುತ್ತದೆ.