ಮನೆಯ ನಕ್ಷೆ ಯಾರ ಕೈಯದು?

"ಮನೆ ಕಟ್ಟಿ ನೋಡು" ಎಂದರು ಹಿರಿಯರು. ನಕ್ಷೆ ಬರೆದು ನೋಡು ಎನ್ನಲಿಲ್ಲ. ಅಂದು ನಕ್ಷೆಯೆಂಬುದು ಮೇಸ್ತ್ರಿಯ ತಲೆಯಲ್ಲಿತ್ತು. ತೊಟ್ಟಿಮನೆಯ ಅಂಕಣಗಳ ಲೆಕ್ಕ ಅವನಿಗೆ ತಲೆಮಾರುಗಳಿಂದ ಬಂದದ್ದು. ಈಗ ನಿವೇಶನ ಚಿಕ್ಕದು, ಸಾಮಗ್ರಿ ಹೊಸದು. ಜೀವಮಾನದ ಉಳಿತಾಯವನ್ನು ಮನೆಗೆ ಸುರಿಯಹೊರಟ ಗೃಹಸ್ಥನು, ವಾಸ್ತುಶಿಲ್ಪಿಗೆ ಹಣವನ್ನೇಕೆ ಕೊಡಬೇಕು, ತಾನೇ ಗೆರೆ ಎಳೆದುಕೊಳ್ಳಬಾರದೇ ಎಂದು ಯೋಚಿಸುವುದು ಸಹಜವಷ್ಟೆ.

ಹಾಗೆ ತಾನೇ ಎಳೆದುಕೊಂಡವರಲ್ಲಿ ಪ್ರಸಿದ್ಧನಾದವನು ಅಮೆರಿಕದ ಮೂರನೆಯ ಅಧ್ಯಕ್ಷನಾದ ಥಾಮಸ್ ಜೆಫರ್ಸನ್. ಗ್ರಂಥಗಳನ್ನೋದಿಯೇ ಈ ವಿದ್ಯೆಯನ್ನು ಕಲಿತ ಆತನು ವರ್ಜೀನಿಯದ ಗುಡ್ಡವೊಂದರ ಮೇಲೆ 1769ರಲ್ಲಿ ಮಾಂಟಿಚೆಲೊ ಎಂಬ ಮನೆಯನ್ನು ಆರಂಭಿಸಿ, 1796ರಿಂದ ಮೇಲಂತಸ್ತನ್ನು ಕೆಡವಿ ಮತ್ತೆ ಕಟ್ಟಿಸಿ, 1809ರ ವೇಳೆಗೆ ಮುಗಿಸಿದನು. ನಲವತ್ತು ವರ್ಷ! ಮನೆಯೇನೋ ಬಲು ಸುಂದರವಾದುದು. ಆದರೆ ವಿಶಾಲವಾದ ಸೋಪಾನವು ಸ್ಥಳವನ್ನು ನುಂಗುವುದೆಂದು ಬಗೆದು, ಮೆಟ್ಟಿಲುಗಳನ್ನು ಸುಮಾರು 2 ಅಡಿ ಅಗಲಕ್ಕೆ ನಿಲ್ಲಿಸಿಬಿಟ್ಟನು. ಅವನು ಮಲಗುತ್ತಿದ್ದುದು ಕೆಳಗೆ. ಆ ಕಡಿದಾದ ಮೆಟ್ಟಿಲನ್ನು ಹತ್ತಿ ಇಳಿಯುತ್ತಿದ್ದವರು ಮಗಳು, ಮೊಮ್ಮಕ್ಕಳು, ಹೊರೆ ಹೊತ್ತ ಗುಲಾಮರು.

ವಾಸ್ತುಶಿಲ್ಪಿಯ ಖ್ಯಾತಿಯೇ ರಕ್ಷೆಯೆಂದೂ ಹೇಳಲಾಗದು. ಮುಂದೆ ಚಂಡೀಗಢವನ್ನು ರೂಪಿಸಿದ ಲೆ ಕಾರ್ಬ್ಯುಸಿಯೆ, ಪ್ಯಾರಿಸ್ಸಿನ ಬಳಿ ಸವೋಯ್ ದಂಪತಿಗಳಿಗಾಗಿ ಕಟ್ಟಿದ ಮನೆ 1931ರಲ್ಲಿ ಮುಗಿಯಿತು. ಲೋಕ ಕೊಂಡಾಡಿತು, ಚಾವಣಿ ಸೋರಿತು. ಮನೆಯಾಕೆ ದೂರಿನ ಕಾಗದಗಳನ್ನು ಬರೆಯುತ್ತಲೇ ಇದ್ದಳು.

ಒಂದು ಕಡೆ ಯಜಮಾನ, ಇನ್ನೊಂದು ಕಡೆ ವಾಸ್ತುಶಿಲ್ಪಿ. ಸಂಕಟಪಟ್ಟವರು ಮಾತ್ರ ಎರಡು ಕಡೆಯೂ ಮನೆಯವರು. ನನ್ನ ಅಭಿಪ್ರಾಯದಲ್ಲಿ ವಾಸ್ತುಶಿಲ್ಪಿ ಬೇಕು. ನೆತ್ತಿಯ ಮೇಲಣ ಬಿಸಿಲನ್ನು ಕಿಟಕಿಯ ಮೇಲಿನ ಚಾಚು ತಡೆಯುತ್ತದೆ. ಸಂಜೆ ಪಶ್ಚಿಮದಿಂದ ಓರೆಯಾಗಿ ನುಗ್ಗುವ ಬಿಸಿಲನ್ನು ಅದು ತಡೆಯಲಾರದು. ಇಂಥದನ್ನು ಗೆರೆ ಎಳೆಯುವ ಮುನ್ನವೇ ತಿಳಿದಿರುವವನು ಅವನು. ಆದರೆ ಅತ್ತೆಯವರ ಮಂಡಿನೋವು, ಉಪ್ಪಿನಕಾಯಿ ಭರಣಿಗಳ ಸಂಖ್ಯೆ, ಪರೀಕ್ಷೆಗೆ ಓದುವ ಹುಡುಗನಿಗೆ ಬೇಕಾದ ಮೂಲೆ, ಇವು ಅವನಿಗೆ ಹೇಗೆ ತಿಳಿಯಬೇಕು? ಅದನ್ನೆಲ್ಲ ಯಜಮಾನನೊಬ್ಬನೇ ಬರೆದರೆ ಸಾಲದು. ಹೆಂಗಸರನ್ನೂ ವೃದ್ಧರನ್ನೂ ಕೇಳಿ ಬರೆಯಬೇಕು. ಈ ಪಟ್ಟಿಯನ್ನು ಓದದೆಯೇ ಚಿತ್ರವನ್ನು ಮುಂದಿಡುವ ವಾಸ್ತುಶಿಲ್ಪಿಗೆ ನಮಸ್ಕಾರ ಹೇಳಿ ಹಿಂದಿರುಗುವುದು ಲೇಸು.

ನಕ್ಷೆ ಸಿದ್ಧವಾದ ಮೇಲೆ, ತಳಪಾಯ ತೋಡುವ ಮೊದಲು, ಅದನ್ನು ನಿವೇಶನದ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಎಳೆಯಿಸಿರಿ. ಅಡಿಗೆಮನೆಯಿಂದ ಹಜಾರಕ್ಕೆ, ಮಲಗುವ ಕೋಣೆಯಿಂದ ಬಚ್ಚಲಿಗೆ ಮನೆಯವರೆಲ್ಲರೂ ಒಮ್ಮೆ ನಡೆದು ನೋಡಲಿ. ವಾಸ್ತುಶಿಲ್ಪಿಯೂ ಅಂದು ಜೊತೆಯಲ್ಲಿರಲಿ.