ಗಡಿಯ ಈಚೆಗೋ, ಆಚೆಗೋ? ಮನೆ ಮಾಡುವ ಮುನ್ನ ಒಂದು ಲೆಕ್ಕಾಚಾರ

(ಕುಟುಂಬ ಸಂಗಮವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದು ನನಗೆ ವಹಿಸಲಾದ ವಿಷಯ ಜೀವನ ವೆಚ್ಚ. ಈ ಸಭೆಯಲ್ಲಿ ಕುಳಿತಿರುವವರಲ್ಲಿ ಅನೇಕರಿಗೆ ತಲಪಾಡಿಯ ಆಚೆ ತಾಯಿಮನೆ, ಈಚೆ ಗಂಡನ ಮನೆ. ಗಲ್ಫ್‌ನಿಂದ ಮರಳುವ ಪ್ರತಿಯೊಬ್ಬ ಸಹೋದರನೂ ಒಂದಲ್ಲ ಒಂದು ದಿನ ಈ ಪ್ರಶ್ನೆಯನ್ನು ಎದುರಿಸುತ್ತಾನೆ: ಹತ್ತು ಸೆಂಟ್ಸ್ ಜಾಗವನ್ನು ಉಪ್ಪಳದಲ್ಲಿ ಕೊಳ್ಳುವುದೋ, ದೇರಳಕಟ್ಟೆಯಲ್ಲಿ ಕೊಳ್ಳುವುದೋ? 1956ರ ನವೆಂಬರ್ 1ರವರೆಗೆ ಈ ಪ್ರಶ್ನೆಗೆ ಅರ್ಥವಿರಲಿಲ್ಲ. ಮದ್ರಾಸಿನ ಆಡಳಿತದಲ್ಲಿ ಕಾಸರಗೋಡೂ ಮಂಗಳೂರೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಾಗಿದ್ದವು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಸರಗೋಡು ಕೇರಳಕ್ಕೆ ಸೇರಿತು. ಮಹಾಜನ್ ಆಯೋಗವು 1967ರಲ್ಲಿ ಚಂದ್ರಗಿರಿಯ ಉತ್ತರ ಭಾಗವನ್ನು ಕರ್ನಾಟಕಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತಾದರೂ ಅದು ಜಾರಿಯಾಗಲಿಲ್ಲ. ಆ ವಿವಾದ ನಮ್ಮ ಇಂದಿನ ವಿಷಯವಲ್ಲ. ಗೆರೆ ಇದೆ, ಗೆರೆಯ ಎರಡು ಕಡೆ ಎರಡು ಸರಕಾರಗಳಿವೆ, ಮತ್ತು ನಮ್ಮ ಮನೆಯ ಖರ್ಚುವೆಚ್ಚದಲ್ಲಿ ಆ ಎರಡು ಸರಕಾರಗಳ ಪಾಲೂ ಇದೆ.

ಸಾಮಾನ್ಯವಾಗಿ ನಾವು ಲೆಕ್ಕ ಹಾಕುವುದು ಹೇಗೆ? ಕೇರಳದವರು ತಲಪಾಡಿಯ ಈಚೆ ಬಂದು ಪೆಟ್ರೋಲ್ ತುಂಬಿಸಿಕೊಂಡು ಹೋಗುವುದನ್ನು ಕಾಣುತ್ತೇವೆ. ಕೂಡಲೇ "ಕೇರಳದಲ್ಲಿ ಎಲ್ಲವೂ ದುಬಾರಿ" ಎಂದು ತೀರ್ಮಾನಿಸುತ್ತೇವೆ. ಕೇರಳ ಸರಕಾರವು 2023ರ ಏಪ್ರಿಲ್‌ನಲ್ಲಿ ಇಂಧನದ ಮೇಲೆ ಲೀಟರಿಗೆ 2 ರೂಪಾಯಿ ಸಾಮಾಜಿಕ ಭದ್ರತಾ ಸೆಸ್ ಹಾಕಿದ್ದು ನಿಜ. ಆದರೆ ಕರ್ನಾಟಕವೂ 2024ರ ಜೂನ್‌ನಲ್ಲಿ ಪೆಟ್ರೋಲಿಗೆ 3 ರೂಪಾಯಿ ಏರಿಸಿತು. ಇನ್ನು, ವಾಹನ ಕೊಳ್ಳುವಾಗ ಕಟ್ಟಬೇಕಾದ ರಸ್ತೆ ತೆರಿಗೆಯಲ್ಲಿ ಕರ್ನಾಟಕವು ದೇಶದಲ್ಲೇ ಮುಂಚೂಣಿಯ ರಾಜ್ಯಗಳಲ್ಲೊಂದು. ಟ್ಯಾಂಕ್ ತುಂಬುವಾಗ ಉಳಿಸಿದ ನೂರು ರೂಪಾಯಿ ಕಣ್ಣಿಗೆ ಕಾಣುತ್ತದೆ, ಶೋರೂಮಿನಲ್ಲಿ ಒಂದೇ ಬಾರಿಗೆ ಕೊಟ್ಟ ಸಾವಿರಾರು ರೂಪಾಯಿ ಮರೆತುಹೋಗುತ್ತದೆ. ಕೇರಳದ ನಂಬರಿನ ಕಾರನ್ನು ಇಲ್ಲಿಗೆ ತಂದು ಹಾಗೆಯೇ ಓಡಿಸಬಹುದೆಂದು ಯಾರಾದರೂ ಯೋಚಿಸಿದ್ದರೆ, ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇನ್ನೊಂದು ರಾಜ್ಯದಲ್ಲಿಟ್ಟ ವಾಹನವನ್ನು ಅಲ್ಲಿ ಮರುನೋಂದಣಿ ಮಾಡಿಸಬೇಕೆಂಬುದು ಮೋಟಾರು ವಾಹನ ಕಾಯ್ದೆಯ ನಿಯಮ.

ಹಣದುಬ್ಬರದ ಅಂಕಿಗಳನ್ನೂ ನಾವು ಇದೇ ರೀತಿ ತಪ್ಪಾಗಿ ಓದುತ್ತೇವೆ. 2025ರ ಆಗಸ್ಟ್‌ನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ. 2ರ ಆಸುಪಾಸಿನಲ್ಲಿದ್ದಾಗ ಕೇರಳದ್ದು ಶೇ. 9ನ್ನು ದಾಟಿತ್ತು. ಕರ್ನಾಟಕ ಶೇ. 4ರೊಳಗೆ ಇದ್ದರೂ ಪಟ್ಟಿಯಲ್ಲಿ ಎರಡನೆಯ ಸ್ಥಾನ ಅದರದ್ದೇ. ಹಣದುಬ್ಬರ ಎಂದರೆ ಬೆಲೆ ಎಷ್ಟಿದೆ ಎಂಬುದಲ್ಲ, ಹಿಂದಿನ ವರ್ಷಕ್ಕಿಂತ ಎಷ್ಟು ಏರಿದೆ ಎಂಬುದು. ಆ ಏರಿಕೆಯ ಹಿಂದೆ ಎರಡು ವಸ್ತುಗಳ ಕೈವಾಡ ದೊಡ್ಡದು: ತೆಂಗಿನೆಣ್ಣೆ ಮತ್ತು ಚಿನ್ನ. ತೆಂಗಿನೆಣ್ಣೆ ಕಾಸರಗೋಡಿನ ಅಡುಗೆಮನೆಗೆ ಬೇಕು, ಬಂಟ್ವಾಳದ ಅಡುಗೆಮನೆಗೂ ಬೇಕು. ಚಿನ್ನದ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಮಗಳ ಮದುವೆಗೆ ಇಂತಿಷ್ಟು ಪವನು ಎಂದು ನಿಗದಿಪಡಿಸುವವರು ತಿರುವನಂತಪುರದಲ್ಲೂ ಇಲ್ಲ, ಬೆಂಗಳೂರಿನಲ್ಲೂ ಇಲ್ಲ, ನಮ್ಮ ಮನೆಯ ಚಾವಡಿಯಲ್ಲೇ ಕುಳಿತಿರುತ್ತಾರೆ. ಆ ವೆಚ್ಚಕ್ಕೆ ಗಡಿ ದಾಟಿ ಪರಿಹಾರವಿಲ್ಲ.

ಈಗ ದೊಡ್ಡ ಖರ್ಚಿಗೆ ಬರೋಣ. 20 ಲಕ್ಷ ರೂಪಾಯಿಯ ಜಾಗವೆಂದು ಇಟ್ಟುಕೊಳ್ಳಿ. ಕೇರಳದಲ್ಲಿ ಮುದ್ರಾಂಕ ಶುಲ್ಕ ಶೇ. 8, ನೋಂದಣಿ ಶುಲ್ಕ ಶೇ. 2, ಒಟ್ಟು 2 ಲಕ್ಷ ರೂಪಾಯಿ. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್. ನೋಂದಣಿ ಶುಲ್ಕ ಶೇ. 1 ಇದ್ದುದನ್ನು 2025ರ ಆಗಸ್ಟ್ 31ರಿಂದ ಶೇ. 2ಕ್ಕೆ ಏರಿಸಲಾಯಿತು. ಎಲ್ಲ ಸೇರಿ ಸುಮಾರು ಒಂದೂವರೆ ಲಕ್ಷ. ವ್ಯತ್ಯಾಸ ಅರ್ಧ ಲಕ್ಷದಷ್ಟು. ಆದರೆ ಒಂದೇ ಗಾತ್ರದ ಜಾಗ ಉಪ್ಪಳದಲ್ಲಿಯೂ ದೇರಳಕಟ್ಟೆಯಲ್ಲಿಯೂ ಒಂದೇ ಬೆಲೆಗೆ ಸಿಗುವುದಿಲ್ಲ. ವೈದ್ಯಕೀಯ ಮತ್ತು ದಂತ ವೈದ್ಯಕೀಯ ಕಾಲೇಜುಗಳ ನೆರಳಿನಲ್ಲಿರುವ ಊರಿನ ಸೆಂಟ್ಸ್ ಒಂದಕ್ಕೆ ಕೊಡಬೇಕಾದ ಹೆಚ್ಚುವರಿ ಬೆಲೆ ಈ ಅರ್ಧ ಲಕ್ಷವನ್ನು ಎಲ್ಲಿಯೋ ನುಂಗಿಬಿಡುತ್ತದೆ.

ಕಡಿಮೆ ಬೆಲೆಗೆ ಸಿಕ್ಕಿತೆಂದು ಹಿಗ್ಗುವ ಮುನ್ನ ಕಾಗದಗಳನ್ನು ನೋಡಬೇಕು. ಕೇರಳದಲ್ಲಿ 2008ರಿಂದ ಗದ್ದೆ ಮತ್ತು ಜವುಗು ಭೂಮಿ ಸಂರಕ್ಷಣಾ ಕಾಯ್ದೆ ಇದೆ. ವಿಲ್ಲೇಜ್ ಆಫೀಸಿನ ದಾಖಲೆಯಲ್ಲಿ ಆ ಜಾಗ 'ನಿಲಂ' ಎಂದಿದ್ದರೆ, ಕಣ್ಣಿಗೆ ತೆಂಗಿನ ತೋಟವಾಗಿ ಕಂಡರೂ ಅದರಲ್ಲಿ ಮನೆ ಕಟ್ಟುವುದು ಸುಲಭವಲ್ಲ. ಅದು 'ಪುರಯಿಡಂ' ಆಗಿರಬೇಕು. ಡಾಟಾ ಬ್ಯಾಂಕಿನಲ್ಲಿ ಸೇರಿದೆಯೋ ಎಂದು ವಿಚಾರಿಸದೆ ಮುಂಗಡ ಕೊಡಬಾರದು. ಕರ್ನಾಟಕದಲ್ಲಿ ಇದಕ್ಕೆ ಸಮನಾದ ತಲೆನೋವೆಂದರೆ ಕನ್ವರ್ಶನ್ ಮತ್ತು ಪಂಚಾಯತಿನ 9/11. ಇವೆರಡೂ ಇಲ್ಲದ ಜಾಗಕ್ಕೆ ಬ್ಯಾಂಕೂ ಸಾಲ ಕೊಡುವುದಿಲ್ಲ, ಮುಂದೆ ಮಾರುವಾಗಲೂ ಯೋಗ್ಯ ಬೆಲೆ ಬರುವುದಿಲ್ಲ.

ಕಟ್ಟುವ ಖರ್ಚಿನಲ್ಲಿ ಕೇರಳ ಮುಂದು. ರಿಸರ್ವ್ ಬ್ಯಾಂಕ್ ಪ್ರಕಟಿಸಿದ 2022-23ರ ಅಂಕಿಗಳ ಪ್ರಕಾರ ಗ್ರಾಮೀಣ ಕಟ್ಟಡ ಕಾರ್ಮಿಕನ ದಿನಗೂಲಿ ಕೇರಳದಲ್ಲಿ 852 ರೂಪಾಯಿ ಇದ್ದರೆ ದೇಶದ ಸರಾಸರಿ 393. ದುಡಿಯುವವನ ದೃಷ್ಟಿಯಿಂದ ಇದು ಸಂತೋಷದ ವಿಚಾರ. ಹಾಗಾಗಿ ಇದನ್ನು ದುಬಾರಿ ಎಂದು ಮಾತ್ರ ಕರೆಯುವುದು ಸರಿಯಲ್ಲ. ನಮ್ಮದೇ ಸಮುದಾಯದ ಎಷ್ಟೋ ಮಂದಿ ಗಾರೆ ಕೆಲಸ, ಟೈಲ್ಸ್ ಕೆಲಸದಿಂದ ಬದುಕುತ್ತಾರೆ. ಕೇರಳದಲ್ಲಿ 3000 ಚದರಡಿ, ಅಂದರೆ 278.7 ಚದರ ಮೀಟರ್ ಮೀರಿದ ಮನೆಗೆ ಪ್ರತಿವರ್ಷವೂ ಪ್ರತ್ಯೇಕ ತೆರಿಗೆಯಿದೆ. ಐಷಾರಾಮಿ ತೆರಿಗೆ ಎಂದೇ ಜನ ಅದನ್ನು ಕರೆಯುತ್ತಾರೆ. ಇಬ್ಬರು ವೃದ್ಧರು ಮಾತ್ರ ವಾಸಿಸುವ ಆರು ಕೋಣೆಗಳ ಮನೆಗಳನ್ನು ಕಂಡಾಗ ಆ ತೆರಿಗೆ ಅನ್ಯಾಯವೆಂದು ನನಗೆ ಅನ್ನಿಸಿಲ್ಲ. ಈಚೆ ಕಡೆ ಇನ್ನೊಂದು ಬಗೆಯ ಸಂಕಟ. 2025ರಲ್ಲಿ ದಕ್ಷಿಣ ಕನ್ನಡದಲ್ಲಿ ಕೆಂಪುಕಲ್ಲು ಮತ್ತು ಮರಳು ಸಿಗದೆ ಅರ್ಧ ಕಟ್ಟಿದ ಮನೆಗಳು ಮಳೆಯಲ್ಲಿ ನೆನೆಯುತ್ತಾ ನಿಂತದ್ದನ್ನು ನೀವೇ ನೋಡಿದ್ದೀರಿ.

ಇನ್ನು ಸರಕಾರಗಳು ಕೊಡುವುದರ ಬಗ್ಗೆ. 2023ರಲ್ಲಿ ಕರ್ನಾಟಕ ಸರಕಾರ ಗ್ಯಾರಂಟಿ ಯೋಜನೆಗಳನ್ನು ಜಾರಿಗೊಳಿಸಿದಾಗ ಗಡಿಯಾಚೆಯ ನಮ್ಮ ಬಂಧುಗಳಲ್ಲಿ ಕೆಲವರು "ನಾವೂ ಆ ಕಡೆಗೆ ಬರುತ್ತೇವೆ" ಎಂದರು. ಗೃಹಲಕ್ಷ್ಮಿಯ ತಿಂಗಳ 2000 ರೂಪಾಯಿ ವರ್ಷಕ್ಕೆ 24,000 ಆಗುತ್ತದೆ. ಸಣ್ಣ ಮೊತ್ತವಲ್ಲ. ಆದರೆ ಅದು ಸಿಗಬೇಕಾದರೆ ಮಹಿಳೆ ಪಡಿತರ ಚೀಟಿಯಲ್ಲಿ ಯಜಮಾನಿಯಾಗಿರಬೇಕು; ಹೊಸ ಚೀಟಿಗೆ ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾದ ಕತೆ ನಮಗೆ ಗೊತ್ತಿದೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ಉಚಿತ ಎಂಬುದು ಗರಿಷ್ಠ ಮಿತಿ. ಪ್ರತಿ ಮನೆಗೆ ಸಿಗುವುದು ಅದರ ಹಿಂದಿನ ಸರಾಸರಿ ಬಳಕೆಗಿಂತ ಸ್ವಲ್ಪ ಹೆಚ್ಚು ಮಾತ್ರ. ಹಿಂದಿನ ಬಳಕೆಯ ದಾಖಲೆಯೇ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿಯನ್ನು ಹಿಡಿದು ಲೆಕ್ಕ ಹಾಕಲಾಗುತ್ತದೆ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರಕಾರಿ ಬಸ್ಸಿಗೆ ಮಾತ್ರ. ನಮ್ಮ ಜಿಲ್ಲೆಯಲ್ಲಿ ಓಡಾಟವೆಲ್ಲ ಹೆಚ್ಚಾಗಿ ಖಾಸಗಿ ಬಸ್ಸಿನಲ್ಲಿ. ಹಾಸನದ, ಕಲಬುರಗಿಯ ಸಹೋದರಿಗೆ ಸಿಕ್ಕಷ್ಟು ಪ್ರಯೋಜನ ಉಳ್ಳಾಲದ ಸಹೋದರಿಗೆ ಸಿಗಲಿಲ್ಲ.

ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ.ಯ ಕತೆಯನ್ನೇ ನೋಡಿ. 2023ರಲ್ಲಿ ಅದರ ಬದಲು ತಲೆಗೆ 170 ರೂಪಾಯಿ ಕೊಟ್ಟರು. 2025ರ ಆರಂಭದಲ್ಲಿ ಹಣ ನಿಂತು ಅಕ್ಕಿ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಅಕ್ಕಿಯ ಬದಲು ಬೇಳೆ, ಎಣ್ಣೆ ಮುಂತಾದವುಗಳ ಕಿಟ್ ಕೊಡುವ ತೀರ್ಮಾನವಾಯಿತು. ಎರಡೂವರೆ ವರ್ಷಗಳಲ್ಲಿ ಮೂರು ರೂಪ. ಕೇರಳದಲ್ಲಿಯೂ ಹಾಗೆಯೇ: ಸಪ್ಲೈಕೋದ 13 ಸಾಮಗ್ರಿಗಳ ಬೆಲೆ ಅನೇಕ ವರ್ಷ ಅಲುಗದೆ ಇದ್ದು, 2024ರ ಫೆಬ್ರವರಿಯಲ್ಲಿ ಮಾರುಕಟ್ಟೆ ಬೆಲೆಗಿಂತ ಶೇ. 35 ಕಡಿಮೆ ಎಂಬ ಲೆಕ್ಕಕ್ಕೆ ಬದಲಾಯಿತು. ಅಲ್ಲಿನ ಕ್ಷೇಮ ಪಿಂಚಣಿಯನ್ನು 1600ರಿಂದ 2000ಕ್ಕೆ ಏರಿಸಿದ್ದು 2025ರ ನವೆಂಬರ್‌ನಿಂದ, ಚುನಾವಣೆಗೆ ತಿಂಗಳುಗಳಿರುವಾಗ. ಯೋಜನೆಗಳಿಗೆ ಸರಕಾರದ ಆಯುಸ್ಸು. ಮನೆಗೆ ಅರುವತ್ತು ವರ್ಷದ ಆಯುಸ್ಸು. ಒಂದನ್ನು ನೋಡಿ ಇನ್ನೊಂದನ್ನು ಕಟ್ಟಬಾರದು.

ಮಧ್ಯೆ ಒಂದು ಮಾತು ಹೇಳದೆ ಮುಂದುವರಿಯಲಾರೆ. ಗಲ್ಫ್‌ನ ಆದಾಯ, ಅಂಗಳದಲ್ಲಿ ಕಾರು ಇರುವ ಮನೆಯವರು ಬಿಪಿಎಲ್ ಚೀಟಿಯನ್ನು ಲೆಕ್ಕಕ್ಕೆ ಸೇರಿಸಿಕೊಂಡು "ಆ ಕಡೆ ಲಾಭ, ಈ ಕಡೆ ಲಾಭ" ಎನ್ನುವುದನ್ನು ಕೇಳಿದ್ದೇನೆ. ಅದು ಬಡವನ ತಟ್ಟೆಯಿಂದ ತೆಗೆದ ಅಕ್ಕಿ. ಅದನ್ನು ನಿಮ್ಮ ಲೆಕ್ಕದಿಂದ ಹೊಡೆದುಹಾಕಿ. ಹಾಗೆಯೇ, ಕೇರಳದಲ್ಲಿ ಸರಕಾರವೇ ಪ್ರತಿದಿನ ಲಾಟರಿ ಮಾರುತ್ತದೆ. ಕರ್ನಾಟಕ 2007ರಲ್ಲಿ ಅದನ್ನು ನಿಷೇಧಿಸಿತು. ಮನೆಯ ಲೆಕ್ಕದ ಪುಸ್ತಕದಲ್ಲಿ ಯಾರೂ ಬರೆಯದ ಆ ಖರ್ಚಿನಿಂದ ಬರಿದಾದ ಕೂಲಿಕಾರರ ಮನೆಗಳೂ ಇವೆ.

ಈಗ ಆಸ್ಪತ್ರೆಯ ವಿಷಯ. ನನ್ನ ದೃಷ್ಟಿಯಲ್ಲಿ ಗಡಿಯ ಕುಟುಂಬಕ್ಕೆ ಇದಕ್ಕಿಂತ ದೊಡ್ಡ ವೆಚ್ಚ ಇನ್ನೊಂದಿಲ್ಲ. ಮಂಜೇಶ್ವರ, ಕುಂಬಳೆ, ಕಾಸರಗೋಡಿನವರು ದಶಕಗಳಿಂದ ಹೆರಿಗೆಗೂ ಹೃದಯಾಘಾತಕ್ಕೂ ಮಂಗಳೂರನ್ನೇ ನಂಬಿದ್ದರು. 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರ ರಸ್ತೆಗಳಿಗೆ ಮಣ್ಣು ಸುರಿದು ಗಡಿ ಮುಚ್ಚಿತು. ಅರ್ಧ ಗಂಟೆಯ ದಾರಿಯ ಆಸ್ಪತ್ರೆ ತಲುಪಲಾಗದೆ ಆಂಬುಲೆನ್ಸ್‌ಗಳು ತಲಪಾಡಿಯಿಂದ ಹಿಂದಿರುಗಿದವು. ಚಿಕಿತ್ಸೆ ಸಿಗದೆ ಜೀವಬಿಟ್ಟವರ ಸುದ್ದಿ ಒಂದರ ಹಿಂದೆ ಒಂದಾಗಿ ಬಂತು. ಕೇರಳ ಹೈಕೋರ್ಟು ಏಪ್ರಿಲ್ 1ರಂದು ತಡೆ ತೆರವುಗೊಳಿಸಲು ಕೇಂದ್ರಕ್ಕೆ ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋದ ಮೇಲಷ್ಟೇ ರೋಗಿಗಳನ್ನು ಬಿಡುವ ವ್ಯವಸ್ಥೆಯಾಯಿತು. ಆ ದಿನಗಳಲ್ಲಿ ಗಡಿಯ ಆಚೆ ಇದ್ದ ಅಗ್ಗದ ಜಾಗದ ನಿಜವಾದ ಬೆಲೆ ಎಷ್ಟೆಂದು ಆ ಮನೆಯವರಿಗೆ ತಿಳಿಯಿತು.

ಇದರಲ್ಲಿ ಕೇರಳ ಸರಕಾರದ ಹೊಣೆಯೂ ಇದೆ. ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಂಕುಸ್ಥಾಪನೆಯಾಯಿತು. 2020ರಲ್ಲಿ ಕೊರೋನಾದ ಒತ್ತಡದಿಂದ ಅದರ ಕಟ್ಟಡವೊಂದು ಆಸ್ಪತ್ರೆಯಾಯಿತು. ಎಂಬಿಬಿಎಸ್ ತರಗತಿಗೆ ಅನುಮತಿ ಬಂದದ್ದು 2025ರಲ್ಲಿ. ಶಿಕ್ಷಣ, ಆರೋಗ್ಯದಲ್ಲಿ ದೇಶಕ್ಕೆ ಮಾದರಿ ಎನಿಸಿಕೊಂಡ ರಾಜ್ಯದ ಉತ್ತರದ ತುದಿಗೆ ಆ ಮಾದರಿ ತಲುಪಲು ಹನ್ನೆರಡು ವರ್ಷ ಬೇಕಾಯಿತು! ವಿಮೆಯ ವಿಚಾರದಲ್ಲಿ, ಕೇರಳದ ಕಾರುಣ್ಯ ಯೋಜನೆ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಕೊಡುತ್ತದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ 5 ಲಕ್ಷ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜಿನ ಶೇ. 30, ಗರಿಷ್ಠ ಒಂದೂವರೆ ಲಕ್ಷ. ಮನೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವ ತಾಯಿ ಇದ್ದರೆ, ನೀವು ಹೋಗುವ ಆಸ್ಪತ್ರೆ ಯಾವ ಕಾರ್ಡನ್ನು ಸ್ವೀಕರಿಸುತ್ತದೆ ಎಂದು ಕೌಂಟರಿನಲ್ಲಿ ಕೇಳಿದ ನಂತರವೇ ವಿಳಾಸ ಬದಲಿಸಿ.

ಮಕ್ಕಳ ವಿದ್ಯಾಭ್ಯಾಸ. ಮದ್ರಸಾ ವಿಷಯದಲ್ಲಿ ತೊಂದರೆಯಿಲ್ಲ, ಸಮಸ್ತದ ಪಠ್ಯಕ್ರಮ ಎರಡೂ ಕಡೆ ಇದೆ. ಶಾಲೆಯ ವಿಚಾರದಲ್ಲಿ ಕೇರಳದ ಸರಕಾರಿ, ಅನುದಾನಿತ ಶಾಲೆಗಳು ನಿಮಗೆ ಬಹಳ ಹಣ ಉಳಿಸುತ್ತವೆ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡ ಮಾಧ್ಯಮವೂ ಲಭ್ಯ. ಇಲ್ಲಿ ಎಲ್‌ಕೆಜಿಯಿಂದಲೇ ಶುಲ್ಕದ ಹೊರೆ. ಆದರೆ ಪಿಯುಸಿಯ ನಂತರ ಲೆಕ್ಕ ಬದಲಾಗುತ್ತದೆ. ಕರ್ನಾಟಕದ ಸಿಇಟಿಗೆ ಸಾಮಾನ್ಯವಾಗಿ ಏಳು ವರ್ಷ ರಾಜ್ಯದಲ್ಲಿ ಓದಿರಬೇಕು. ಕಾಸರಗೋಡಿನ ಗಡಿನಾಡ ಕನ್ನಡಿಗರಿಗೆ ಮಾತೃಭಾಷೆ ಮತ್ತು ಕನ್ನಡ ಪರೀಕ್ಷೆಯ ಆಧಾರದಲ್ಲಿ ಒಂದು ಅವಕಾಶವಿದೆ. ಅದು ತಿಳಿಯದೆ ಅರ್ಜಿಯನ್ನೇ ಹಾಕದವರಿದ್ದಾರೆ. ಮೀಸಲಾತಿಯಂತೂ ಗಡಿ ದಾಟುವುದೇ ಇಲ್ಲ. ಇಲ್ಲಿ ಮುಸ್ಲಿಮರಿಗೆ 2ಬಿಯಲ್ಲಿ ಶೇ. 4 ಎಂಬುದು 2023ರ ಮಾರ್ಚ್‌ನಲ್ಲಿ ರದ್ದಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ವಿಷಯ. ಅಲ್ಲಿ ವೃತ್ತಿಶಿಕ್ಷಣದಲ್ಲಿ ಶೇ. 8, ಸರಕಾರಿ ಉದ್ಯೋಗದ ಹೆಚ್ಚಿನ ಹುದ್ದೆಗಳಲ್ಲಿ ಶೇ. 12. ಒಂದು ರಾಜ್ಯದ ಹಿಂದುಳಿದ ವರ್ಗದ ಪ್ರಮಾಣಪತ್ರ ಇನ್ನೊಂದರಲ್ಲಿ ಸಲ್ಲುವುದಿಲ್ಲ. ಮದುವೆಯಾಗಿ ಆಚೆಯಿಂದ ಈಚೆ ಬಂದ, ಓದು ಮುಗಿಸಿ ಸರಕಾರಿ ಕೆಲಸದ ಆಸೆಯಿಟ್ಟುಕೊಂಡ ಸಹೋದರಿಯರಿಗೆ ಇದನ್ನು ಮದುವೆಯ ಮಾತುಕತೆಯಲ್ಲಿ ಯಾರೂ ಹೇಳಿರುವುದಿಲ್ಲ. ಒಂಬತ್ತನೆಯ ತರಗತಿಯ ಮಗುವನ್ನು ಗಡಿ ದಾಟಿಸುವವರು ಈ ವರ್ಷಗಳನ್ನು ಬೆರಳಲ್ಲಿ ಎಣಿಸಲೇಬೇಕು. 2022ರ ಹಿಜಾಬ್ ಆದೇಶದ ನಂತರ ಹೆಣ್ಣುಮಕ್ಕಳ ಕಾಲೇಜಿನ ಪ್ರಶ್ನೆ ಕೆಲವು ತಂದೆತಾಯಂದಿರಿಗೆ ಶುಲ್ಕಕ್ಕಿಂತ ದೊಡ್ಡದಾಗಿ ಕಂಡದ್ದೂ ಸುಳ್ಳಲ್ಲ.

ಅನಿವಾಸಿಗಳಿಗಾಗಿ ಕೇರಳ 2008ರಲ್ಲೇ ಕಾನೂನು ಮಾಡಿ ಕ್ಷೇಮನಿಧಿ ಸ್ಥಾಪಿಸಿತು. ಕನಿಷ್ಠ ಐದು ವರ್ಷ ವಂತಿಗೆ ಕಟ್ಟಿದವರಿಗೆ ಅರುವತ್ತರ ನಂತರ ಪಿಂಚಣಿ. 2022ರಲ್ಲಿ ಅದನ್ನು ತಿಂಗಳಿಗೆ ಕನಿಷ್ಠ 3000 ರೂಪಾಯಿಗೆ ಏರಿಸಲಾಯಿತು. ಕರಾವಳಿಯ ಹಣದಿಂದ ಬ್ಯಾಂಕುಗಳನ್ನು ತುಂಬಿಸಿಕೊಂಡ ಕರ್ನಾಟಕದ ಸರಕಾರಗಳನ್ನು ನಾವು ಇದಕ್ಕಾಗಿ ಏಕೆ ಒತ್ತಾಯಿಸಲಿಲ್ಲ?

ನನ್ನನ್ನು ಕೇಳಿದರೆ, ಮನೆಯಲ್ಲಿ ನಿತ್ಯರೋಗಿ ಇದ್ದರೆ ಅಥವಾ ಪ್ರೌಢಶಾಲೆಯಲ್ಲಿ ಇಲ್ಲಿ ಓದುತ್ತಿರುವ ಮಕ್ಕಳಿದ್ದರೆ ಈಚೆಯೇ ಇರಿ. ಮಕ್ಕಳು ಚಿಕ್ಕವರು, ಆದಾಯ ಸಾಧಾರಣ, ಯಜಮಾನ ಕ್ಷೇಮನಿಧಿಯ ಸದಸ್ಯ ಎಂದಾದರೆ ಮಂಜೇಶ್ವರ, ಉಪ್ಪಳ ಕೆಟ್ಟ ಆಯ್ಕೆಯಲ್ಲ. ರೈಲಿನ ಸೀಸನ್ ಟಿಕೆಟಿನಲ್ಲಿ ಮಂಗಳೂರು ಆಗಲೂ ಕೈಗೆಟಕುವ ದೂರದಲ್ಲೇ ಇರುತ್ತದೆ, ತಲಪಾಡಿಯ ಟೋಲ್ ಕೂಡಾ ತಪ್ಪುತ್ತದೆ. ಯಾವುದೇ ಆದರೂ ಮೊದಲು ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ. ಆ ವರ್ಷದ ಖರ್ಚನ್ನು ಮನೆಯ ಮಹಿಳೆ ಬರೆದಿಡಲಿ, ಏಕೆಂದರೆ ದುಬೈಯಲ್ಲೋ ರಿಯಾದ್‌ನಲ್ಲೋ ಕುಳಿತು ಜಾಗ ಆರಿಸುವವರು ನೀವಾದರೂ ಅಲ್ಲಿ ದಿನ ಕಳೆಯುವವರು ಅವರು. ಮುಂಗಡ ಕೊಡುವ ಮುನ್ನ ಆ ಪುಸ್ತಕವನ್ನು ಅವರ ಎದುರಲ್ಲೇ ಕುಳಿತು ಓದಿ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.