ಕೇಳುವ ಮೊದಲು ಯೋಚಿಸೋಣ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ತು ರಟ್ಟೆಯ ದುಡಿಮೆಯನ್ನು ಹಗುರ ಮಾಡಿತು. 2022ರಲ್ಲಿ ಬಂದ ಚಾಟ್‌ಜಿಪಿಟಿಯಂಥ ಕೃತಕ ಬುದ್ಧಿಮತ್ತೆ ತಲೆಯ ದುಡಿಮೆಗೇ ಕೈಹಾಕಿದೆ.

ಮದ್ದೂರಿನ ರೈತರೊಬ್ಬರ ಕಬ್ಬು ಹಳದಿಯಾಗಿದೆ ಎಂದುಕೊಳ್ಳಿ. ಫೋನನ್ನು ಕೇಳಿದರೆ ಸಾರಜನಕದ ಕೊರತೆ, ಯೂರಿಯಾ ಹಾಕಿ ಎಂದೀತು. ಆದರೆ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನೀರು ನಿಂತು ಬೇರಿಗೆ ಗಾಳಿಯಾಡದಿದ್ದರೂ ಎಲೆ ಹಳದಿಯಾಗುತ್ತದೆ. ಆಗ ಬೇಕಾದದ್ದು ಗೊಬ್ಬರವಲ್ಲ, ಬಸಿಗಾಲುವೆ. ಗದ್ದೆಗಿಳಿದು ಮಣ್ಣು ಮುಟ್ಟಿದವರಿಗೆ ಇದು ತಿಳಿಯುತ್ತದೆ. ಹೇಳದಿದ್ದರೆ ಯಂತ್ರಕ್ಕೆ ತಿಳಿಯುವುದಿಲ್ಲ.

ಮಂಡ್ಯದ ಶಾಲಾಮಕ್ಕಳಿಗೂ ಇದೇ ಮಾತು. ಮೊದಲು ನಿಮ್ಮ ಉತ್ತರವನ್ನು ಬರೆಯಿರಿ. ಆಮೇಲೆ ಯಂತ್ರವನ್ನು ಕೇಳಿ. ಎರಡೂ ಬೇರೆಯಾದರೆ ಏಕೆಂದು ಹುಡುಕಿ. ಹಿರಿಯರೇ, ಆ ಹುಡುಕಾಟಕ್ಕೆ ಮಕ್ಕಳಿಗೆ ದಿನಕ್ಕೆ ಅರ್ಧ ಗಂಟೆಯಾದರೂ ಬಿಡಿ.